ಇಂಡಿಯನ್ ಓಷನ್ ಕೇಳಿದ್ದೀರಾ? ಸ್ವಂತ ಸಂಗೀತದ ಬ್ಯಾಂಡು ಅಂದ್ರೆ ಇದು

ಹೇಮಾವತಿ ದಂಡೆ:

ಈ ವಾರ ಬೇರೆ ಏನೂ ಕೇಳಿಲ್ಲ. ಇಂಡಿಯನ್ ಓಷನ್ ಆಲ್ಬಮ್‌ಗಳನ್ನು ಮೊದಲಿನಿಂದ ಸಾಲಾಗಿ ಹಾಕಿಕೊಂಡು ಕೂತಿದ್ದೇನೆ. ನಮ್ಮಲ್ಲಿ ಇಳಯರಾಜಾ ಬಗ್ಗೆ, ಹಂಸಲೇಖ ಬಗ್ಗೆ ಎಷ್ಟು ಬೇಕಾದರೂ ಮಾತಾಡಿದ್ದೇವೆ. ಇವರ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ. ಅದಕ್ಕೆ ನಾನೇ ಶುರು ಮಾಡುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ದೆಹಲಿಯ ಬ್ಯಾಂಡು, 1990ರಲ್ಲಿ ಶುರುವಾಯಿತು. ಗಿಟಾರ್‌ಗೆ ಸುಷ್ಮಿತ್ ಸೇನ್. ತಬಲಾ ಮತ್ತು ಹಾಡಿಗೆ ಅಶೀಮ್ ಚಕ್ರವರ್ತಿ. ಆಮೇಲೆ ಬಾಸ್ ಗಿಟಾರ್‌ಗೆ ರಾಹುಲ್ ರಾಮ್ ಬಂದರು, ಅವರ ಹಿಂದೆ ಡ್ರಮ್ಸ್‌ಗೆ ಅಮಿತ್ ಕಿಲಂ. ಮೊದಲ ಆಲ್ಬಮ್ 1993ರಲ್ಲಿ. 1997ರ ಹೊಸ ವರ್ಷದ ದಿನ ದೆಹಲಿಯಲ್ಲಿ ಬೀದಿ ನಾಟಕದ ಸಫ್ದರ್ ಹಾಶ್ಮಿ ನೆನಪಿನ ಕಾರ್ಯಕ್ರಮದಲ್ಲಿ ನುಡಿಸಿದ್ದನ್ನೇ 'ಡೆಸರ್ಟ್ ರೈನ್' ಅಂತ ಹೊರತಂದರು. 2000ದಲ್ಲಿ 'ಕಂದೀಸಾ' ಬಂತು. ಹಿಂದಿ ರಾಕ್ ಅಂದ್ರೆ ಮೂಗು ಮುರಿಯುತ್ತಿದ್ದವರೂ ಅದಾದ ಮೇಲೆ ಸುಮ್ಮನಾದರು.

ನನಗೆ ಇವರಲ್ಲಿ ಇಷ್ಟವಾಗುವುದು ಒಂದೇ ವಿಷಯ. ಫ್ಯೂಷನ್ ಅಂತ ನಾವು ಕೇಳುವುದು ಸಾಮಾನ್ಯವಾಗಿ ಹೇಗಿರುತ್ತದೆ? ಮೃದಂಗದವರು ಒಂದು ಸುತ್ತು ಬಾರಿಸುತ್ತಾರೆ, ಗಿಟಾರಿನವರು ಒಂದು ಸುತ್ತು ನುಡಿಸುತ್ತಾರೆ, ಕೊನೆಗೆ ಎಲ್ಲರೂ ಸೇರಿ ಜೋರಾಗಿ ಒಂದು ಮುಕ್ತಾಯ, ಚಪ್ಪಾಳೆ. ಇವರ ಹಾಡಿನಲ್ಲಿ ಆ ಹೊಲಿಗೆ ಎಲ್ಲಿದೆ ಅಂತ ಹುಡುಕಿ ನೋಡಿ, ಸಿಗುವುದಿಲ್ಲ.

ಅಶೀಮ್ ಅವರನ್ನೇ ತಗೊಳ್ಳಿ. ಈ ರೆಕಾರ್ಡುಗಳಲ್ಲಿ ಅವರು ತಬಲಾ ನುಡಿಸುತ್ತಲೇ ಹಾಡುತ್ತಾರೆ. ಕೇಳೋಕೆ ಸುಲಭ ಅನ್ನಿಸಬಹುದು. ನಮ್ಮ ಕಛೇರಿಯಲ್ಲಿ ಹಾಡುವವರು ಒಂದು ಸಾಲು ಎಳೆದರೆ ಪಕ್ಕವಾದ್ಯದವರು ಅವರ ಮುಖ ನೋಡಿಕೊಂಡು ಕಾಯುತ್ತಾರೆ, ಎಲ್ಲಿ ಇಳಿಯುತ್ತಾರೋ ಅಲ್ಲಿ ಹಿಡಿಯುತ್ತಾರೆ. ಇಲ್ಲಿ ಎಳೆಯುವವರೂ ಕಾಯುವವರೂ ಒಬ್ಬರೇ. ಹಾಗಾಗಿ ಪದ ಎಲ್ಲಿ ಒತ್ತಿದರೆ ಪೆಟ್ಟೂ ಅಲ್ಲೇ ಬೀಳುತ್ತದೆ. ಕೆಲವು ಸಲ ಬೇಕಂತಲೇ ಪೆಟ್ಟನ್ನು ಸ್ವಲ್ಪ ಹಿಂದೆ ಬಿಡುತ್ತಾರೆ, ಆಗ ಸಾಲು ಜೋಲಿ ಹೊಡೆದ ಹಾಗಾಗುತ್ತದೆ. ಬೇರೆ ಯಾರೋ ಪಕ್ಕದಲ್ಲಿ ಕೂತು ನುಡಿಸಿದರೆ ಅದು ಬರುವುದಿಲ್ಲ.

ಸುಷ್ಮಿತ್ ಗಿಟಾರ್ ಬಗ್ಗೆ ಬಲ್ಲವರು ಬರೆಯಿರಿ. ನಾನು ಕೇಳುಗ ಅಷ್ಟೇ.

ಸಂಪಿಗೆ ರಸ್ತೆ:

ಇದುವರೆಗೂ ಕೇಳಿಲ್ಲ ಸರ್. ಪೂರ್ತಿ ಹಿಂದೀನಾ? ಎಲ್ಲಿಂದ ಶುರು ಮಾಡಲಿ?

ಹೇಮಾವತಿ ದಂಡೆ:

@ಸಂಪಿಗೆ ರಸ್ತೆ, 'ಕಂದೀಸಾ' ಆಲ್ಬಮ್ ಹಾಕಿ. ಏಳು ಹಾಡು. ಒಂದೇ ಭಾಷೆ ಅಲ್ಲ. ಹಿಂದಿ ಇದೆ, ಭೋಜಪುರಿ ಇದೆ, ನರ್ಮದಾ ತೀರದ ಜನರ ಮಾತಿದೆ. ಆಲ್ಬಮ್ಮಿಗೆ ಹೆಸರು ಕೊಟ್ಟ ಹಾಡಂತೂ ಕೇರಳದ ಸಿರಿಯನ್ ಕ್ರೈಸ್ತರ ಹಳೆಯ ಪ್ರಾರ್ಥನೆ. ಮಾತೇ ಇಲ್ಲದ ಬರೀ ವಾದ್ಯದ ತುಂಡುಗಳೂ ಇವೆ. ಮೊಬೈಲ್ ಸ್ಪೀಕರಿನಲ್ಲಿ ಮಾತ್ರ ಕೇಳಬೇಡಿ, ಬಾಸ್ ಪೂರಾ ಮಾಯ ಆಗುತ್ತದೆ. 'ಬ್ಲ್ಯಾಕ್ ಫ್ರೈಡೇ' ಸಿನಿಮಾದ 'ಬಂದೇ' ಇಂದ ಶುರು ಮಾಡಬೇಡಿ. ಎಲ್ಲರೂ ಅದರಿಂದಲೇ ಶುರು ಮಾಡಿ ಅಲ್ಲೇ ನಿಲ್ಲುತ್ತಾರೆ.

ನಾಲ್ಕು ತಂತಿ:

ಬಾಸ್ ಹೆಸರು ಬಂತಲ್ಲ, ಇನ್ನು ನಾನು ಸುಮ್ಮನಿರುವುದಿಲ್ಲ. ಮೈಸೂರಿನಲ್ಲಿ ಒಂದು ಸಣ್ಣ ಬ್ಯಾಂಡಿನಲ್ಲಿ ಬಾಸ್ ನುಡಿಸುತ್ತೇನೆ.

ಮೊದಲು ನಮ್ಮೂರ ಕಡೆಯ ಸುದ್ದಿ. ರಾಹುಲ್ ರಾಮ್ ಅವರ ಮನೆತನ ಹಾಸನ ಜಿಲ್ಲೆಯ ಹೊಳೆನರಸೀಪುರದ್ದು. ಅವರ ತಂದೆ ಎಚ್.ವೈ. ಮೋಹನ್ ರಾಮ್ ದೆಹಲಿ ವಿಶ್ವವಿದ್ಯಾಲಯದಲ್ಲಿದ್ದ ದೊಡ್ಡ ಸಸ್ಯ ವಿಜ್ಞಾನಿ. ಇಂದಿರಾ ಗಾಂಧಿಯವರ ಮಾಧ್ಯಮ ಸಲಹೆಗಾರರಾಗಿದ್ದ ಎಚ್.ವೈ. ಶಾರದಾ ಪ್ರಸಾದ್ ಇವರ ದೊಡ್ಡಪ್ಪ. ತಾತ ಹೊಳೆನರಸೀಪುರದ ಯೋಗಾನರಸಿಂಹಂ, ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದವರು. ರಾಹುಲ್ ಸ್ವತಃ ಅಮೆರಿಕದ ಕಾರ್ನೆಲ್‌ನಲ್ಲಿ ಪಿಎಚ್‌ಡಿ ಮಾಡಿ ವಾಪಸ್ ಬಂದು ನರ್ಮದಾ ಅಣೆಕಟ್ಟಿನ ವಿರುದ್ಧದ ಚಳವಳಿ ನರ್ಮದಾ ಬಚಾವೋ ಆಂದೋಲನಕ್ಕೆ ಸೇರಿದರು. ಅಲ್ಲಿಂದ ಬ್ಯಾಂಡಿಗೆ ಬಂದರು. ಮನೆಯಲ್ಲಿ ಬೈದಿರಬೇಕು ಅಂತ ನನಗೆ ಅನುಮಾನ!

ಈಗ ಬಾಸ್ ವಿಷಯ. ರಾಕ್ ಬ್ಯಾಂಡಿನಲ್ಲಿ ಬಾಸಿನವನ ಕೆಲಸ ಏನು? ಗಿಟಾರಿನವನು ಯಾವ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬಡಿಯುತ್ತಾನೋ ಅದರ ಮೂಲ ಸ್ವರ ಹಿಡಿದುಕೊಂಡು ಡ್ರಮ್ಸ್ ಜೊತೆ ನಡೆಯೋದು. ಇಂಡಿಯನ್ ಓಷನ್‌ನಲ್ಲಿ ಕಾರ್ಡ್ ಬಡಿತವೇ ಕಡಿಮೆ. ಸುಷ್ಮಿತ್ ಒಂದು ಚಿಕ್ಕ ಪಲುಕು ಹಿಡಿದು ಅದನ್ನೇ ಸುತ್ತಿ ಸುತ್ತಿ ಬೆಳೆಸುತ್ತಾರೆ, ಮಧ್ಯೆ ಒಂದು ತಂತಿ ಶ್ರುತಿ ಹಿಡಿದ ಹಾಗೆ ಮಿಡಿಯುತ್ತಲೇ ಇರುತ್ತದೆ. ಅಂದ್ರೆ ರಾಗದ ಲೆಕ್ಕ. ಅಂಥ ಕಡೆ ಬಾಸಿನವನು ಪಾಶ್ಚಾತ್ಯ ಲೆಕ್ಕದಲ್ಲಿ ಕಾರ್ಡ್ ಬದಲಿಸಿಕೊಂಡು ಹೋದರೆ ರಾಗ ಕೆಡುತ್ತದೆ. ಸುಮ್ನೆ ಷಡ್ಜ ಹಿಡಿದುಕೊಂಡು ನಿಂತರೆ ಹಾಡು ಮಲಗುತ್ತದೆ. ರಾಹುಲ್ ಎರಡೂ ಮಾಡುವುದಿಲ್ಲ. ಅವರ ಬಾಸು ಇನ್ನೊಂದು ದನಿ. ಗಿಟಾರು ಒಂದು ಮಾತು ಹೇಳುತ್ತದೆ, ಬಾಸು ಉತ್ತರ ಕೊಡುತ್ತದೆ. ಒಮ್ಮೊಮ್ಮೆ ಇಬ್ಬರೂ ಒಂದೇ ಪಲುಕನ್ನು ಒಟ್ಟಿಗೆ ನುಡಿಸುತ್ತಾರೆ, ಆಗ ಎದೆ ಮೇಲೆ ಯಾರೋ ಕೂತ ಹಾಗಿರುತ್ತದೆ.

ನಾವು ನರ್ಮದಾ ನದಿಯ ಹಾಡು 'ಮಾ ರೇವಾ' ಕಲಿಯೋಕೆ ಕೂತಾಗ ಸ್ವರ ಎಲ್ಲಾ ಒಂದು ಸಂಜೆಗೆ ಸಿಕ್ಕಿತು. ನಡಿಗೆ ಮಾತ್ರ ಸಿಗಲೇ ಇಲ್ಲ. ನಮ್ಮದು ಮೆರವಣಿಗೆ ಥರ ಕೇಳುತ್ತಿತ್ತು, ಅವರದ್ದು ನದಿಯ ಹಾಡಿನ ಹಾಗೇ ಕೇಳುತ್ತದೆ.

ಜೋಗುಳಬಾವಿ:

'ಮಾ ರೇವಾ' ಅಂದ ತಕ್ಷಣ ಒಂದು ಹೇಳಬೇಕು. ಲೈವ್ ವಿಡಿಯೋಗಳಲ್ಲಿ ಅಮಿತ್ ಕಿಲಂ ಡ್ರಮ್ಸ್ ಬಿಟ್ಟು ಕಂಕುಳಲ್ಲಿ ಒಂದು ವಾದ್ಯ ಹಿಡಿದುಕೊಂಡು ಬರುತ್ತಾರೆ, ಗಮನಿಸಿದ್ದೀರಾ? ಅದರ ಹೆಸರು ಗಬ್‌ಗುಬಿ, ಬಂಗಾಳದಲ್ಲಿ ಊರೂರು ತಿರುಗಿ ಹಾಡುವ ಬಾವುಲರ ವಾದ್ಯ. ಒಂದು ಡಬ್ಬಿ, ಅದರ ಒಂದು ಕಡೆ ಚರ್ಮ, ಚರ್ಮದಿಂದ ಹೊರಟ ತಂತಿ, ತಂತಿಯ ತುದಿಗೆ ಕೈಯಲ್ಲಿ ಹಿಡಿಯೋಕೆ ಒಂದು ಪುಟ್ಟ ಹಿಡಿ. ಹಿಡಿ ಎಳೆದರೆ ತಂತಿ ಬಿಗಿಯಾಗಿ ಸ್ವರ ಮೇಲೇರುತ್ತದೆ, ಸಡಿಲ ಬಿಟ್ಟರೆ ಇಳಿಯುತ್ತದೆ. ಇನ್ನೊಂದು ಕೈಯಲ್ಲಿ ಮೀಟೋದು.

ನಮ್ಮ ಸವದತ್ತಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಥೇಟ್ ಚೌಡಿಕೆ! ಜೋಗತಿಯರು ಎಲ್ಲಮ್ಮನ ಪದ ಹಾಡುವಾಗ ಮೀಟುತ್ತಾರಲ್ಲ, ಅದೇ ಜಾತಿಯದು. ಅದು ತಾಳವನ್ನೂ ಕೊಡುತ್ತದೆ, ಸ್ವರವನ್ನೂ ಕೊಡುತ್ತದೆ, ನಡುವೆ ಗೊಣಗುತ್ತದೆ, ನಗುತ್ತದೆ. ಅದನ್ನು ಕೀಬೋರ್ಡಿನಲ್ಲಿ ತೆಗೀತೀನಿ ಅಂತ ಹೊರಟವರ ಗತಿ ನೋಡಿದ್ದೇನೆ.

ನನಗೆ ಬೇಜಾರಿರುವುದು ಇಲ್ಲೇ. ಬಂಗಾಳದ ಗಬ್‌ಗುಬಿ ದೆಹಲಿಯ ರಾಕ್ ಬ್ಯಾಂಡಿನ ವೇದಿಕೆ ಹತ್ತಿತು. ನಮ್ಮ ಚೌಡಿಕೆಗೆ ಜೋಗತಿ ಮಂಜಮ್ಮನವರಿಗೆ 2021ರಲ್ಲಿ ಪದ್ಮಶ್ರೀ ಬಂದ ಮೇಲೆ ಸ್ವಲ್ಪ ದಿನ ಫೋಟೋ ಭಾಗ್ಯ ಸಿಕ್ಕಿತು, ಅಷ್ಟೇ.

ಕವರ್ ಬೇಡ:

ಒರಿಜಿನಲ್ ಮಾತು ಬಂದಿದ್ದಕ್ಕೆ ನನ್ನ ಹೊಟ್ಟೆಯುರಿಯನ್ನೂ ಇಲ್ಲಿ ಕಾರಿಬಿಡುತ್ತೇನೆ. ಬೆಂಗಳೂರಿನಲ್ಲಿ ಬ್ಯಾಂಡ್ ಕಟ್ಟಿ ನೋಡಿ. ಪಬ್ಬಿನವರು ಮೊದಲು ಕೇಳೋದು ಎಷ್ಟು ಕವರ್, ಅಂದ್ರೆ ಬೇರೆಯವರ ಹಾಡು, ಗೊತ್ತು ಅಂತ. ಒಂದು ಕಡೆ ನಾವು ನಮ್ಮದೇ ಹಾಡು ಶುರು ಮಾಡಿದೆವು. ಅರ್ಧ ಆಗಿರಲಿಲ್ಲ, ಮ್ಯಾನೇಜರ್ ವೇದಿಕೆ ಪಕ್ಕ ಬಂದು ಟಿಶ್ಯೂ ಪೇಪರಿನ ಮೇಲೆ ಯಾವುದೋ ಅಮೆರಿಕನ್ ಹಾಡಿನ ಹೆಸರು ಬರೆದು ಕೊಟ್ಟು ಹೋದರು. ಕಾಲೇಜು ಫೆಸ್ಟುಗಳಲ್ಲಂತೂ ಜಡ್ಜುಗಳೇ ಕವರ್ ನುಡಿಸಿದವರಿಗೆ ನಂಬರ್ ಕೊಡುತ್ತಾರೆ. ಹೋಲಿಸಿ ನೋಡೋಕೆ ಸುಲಭ ಅಲ್ವಾ!

1990ರಲ್ಲಿ ದೆಹಲಿಯಲ್ಲೂ ಇದೇ ಕಥೆ ಇದ್ದಿರಬೇಕು. ಆಗ ರಾಕ್ ಅಂದ್ರೆ ಇಂಗ್ಲಿಷು, ಕೂದಲು, ಇನ್ನೊಬ್ಬರ ಹಾಡು. ಅಂಥ ಹೊತ್ತಿನಲ್ಲಿ ತಬಲಾ ಇಟ್ಟುಕೊಂಡು ಸ್ವಂತದ್ದೇ ನುಡಿಸ್ತೀವಿ ಅಂತ ನಿಂತರಲ್ಲ, ಅದಕ್ಕೆ ನನ್ನ ಸಲಾಂ. ಮೊದಲ ಹತ್ತು ವರ್ಷಕ್ಕೆ ಮೂರೇ ಆಲ್ಬಮ್. ಯಾರೂ ಇವರನ್ನು ಹಿಂದಿನಿಂದ ಅಟ್ಟಿಸಿಕೊಂಡು ಬರಲಿಲ್ಲ, ಇವರೂ ಓಡಲಿಲ್ಲ.

ಖಾರಬೂಂದಿ:

ಎಲ್ಲರೂ ಹೊಗಳುತ್ತಿದ್ದೀರಿ, ನಾನು ಸ್ವಲ್ಪ ಅಡ್ಡ ಮಾತಾಡುತ್ತೇನೆ. ಬ್ಯಾಂಡ್ ನನಗೂ ಇಷ್ಟ. ಆದರೆ 'ಸ್ವಂತ ಸಂಗೀತ' ಅಂತೀರಲ್ಲ, ಅದು ಹೇಗೆ? 'ಕಂದೀಸಾ' ಚರ್ಚಿನ ಪ್ರಾರ್ಥನೆ. 'ಮಾ ರೇವಾ' ನರ್ಮದಾ ದಂಡೆಯ ಜನ ಮೊದಲಿನಿಂದ ಹಾಡಿಕೊಂಡು ಬಂದಿದ್ದು. 'ಹಿಲ್ಲೇ ರೇ' ಸಾಲುಗಳು ಗೋರಖ್ ಪಾಂಡೆಯವರ ಕವಿತೆಯವು. 2003ರ 'ಝೀನಿ'ಯಲ್ಲಿ ಕಬೀರ. ಜನರ ಹಾಡು ತಗೊಂಡು ಗಿಟಾರ್ ಹಾಕಿದರೆ ಅದು ಸ್ವಂತ ಆಗುತ್ತಾ? ಕವರ್ ಬೇಡ ಅಂತ ಹೆಸರಿಟ್ಟುಕೊಂಡವರೇ ಹೇಳಿ. ಅಮೆರಿಕದ ಹಾಡು ನುಡಿಸಿದರೆ ಕವರು, ಆದಿವಾಸಿ ಹಾಡು ನುಡಿಸಿದರೆ ಒರಿಜಿನಲ್ಲಾ?

ನಾಲ್ಕು ತಂತಿ:

@ಖಾರಬೂಂದಿ, ಪ್ರಶ್ನೆ ಚೆನ್ನಾಗಿದೆ, ಆದರೆ ಅರ್ಧ ಲೆಕ್ಕ ಬಿಟ್ಟಿದ್ದೀರಿ. ಮೊದಲ ಎರಡು ಆಲ್ಬಮ್‌ಗಳಲ್ಲಿ ವಾದ್ಯದ್ದೇ ರಾಜ್ಯ. ಅದಕ್ಕೆ ಎಲ್ಲೂ ಮೂಲ ಇಲ್ಲ. ನಾಲ್ಕು ಜನ ಕೂತು ನುಡಿಸುತ್ತಾ ನುಡಿಸುತ್ತಾ ಕಟ್ಟಿದ್ದು.

ಇನ್ನು ಹಾಡುಗಳ ಮಾತು. ಸಿ. ಅಶ್ವಥ್ ಶರೀಫರ ಪದಗಳಿಗೆ ಹಾಕಿದ ರಾಗಗಳನ್ನು ಏನಂತ ಕರೀತೀರಿ? ಪದ ಶಿಶುನಾಳದ್ದು. ಇವತ್ತು ಶರೀಫರು ಅಂದ ಕೂಡಲೇ ನಮ್ಮ ಕಿವಿಗೆ ಬರೋದು ಅಶ್ವಥ್ ದನಿ. ಅದು ಅಶ್ವಥ್ ಅವರ ಸ್ವಂತ ಕೆಲಸ ಅಲ್ಲ ಅಂತ ಯಾರಾದರೂ ಹೇಳ್ತಾರಾ?

ಹೇಮಾವತಿ ದಂಡೆ:

ನಾನು ಇನ್ನೊಂದು ಹೆಸರು ಸೇರಿಸುತ್ತೇನೆ, ಕುಮಾರ ಗಂಧರ್ವ. ನಮ್ಮ ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ ಹುಟ್ಟಿದವರು. ಕ್ಷಯ ಬಂದು ಮಧ್ಯಪ್ರದೇಶದ ದೇವಾಸಿಗೆ ಹೋದರು, ವರ್ಷಗಟ್ಟಲೆ ಹಾಡುವ ಹಾಗಿರಲಿಲ್ಲ. ಆಗ ಮಾಳವದ ಜನಪದ ಹಾಡುಗಳು ಕಿವಿಗೆ ಬಿದ್ದವು. ಅವುಗಳ ಧಾಟಿಯಿಂದ ಹೊಸ ರಾಗಗಳನ್ನೇ ಕಟ್ಟಿದರು. ಕಬೀರನನ್ನು ಅವರು ಹಾಡಿದ ರೀತಿ ಅದಕ್ಕೂ ಮುಂಚೆ ಇರಲಿಲ್ಲ.

ಕವರ್ ನುಡಿಸುವವರು ಏನು ಮಾಡುತ್ತಾರೆ? ಮುಗಿದು ತಯಾರಾಗಿರುವ ರೆಕಾರ್ಡನ್ನು ಹಾಗೇ ಒಪ್ಪಿಸುತ್ತಾರೆ. ಎಷ್ಟು ಹೋಲುತ್ತದೋ ಅಷ್ಟು ಚಪ್ಪಾಳೆ. 'ಹಿಲ್ಲೇ ರೇ'ಗೆ ಹೋಲಿಸಿ ನೋಡೋಕೆ ಅಂಥ ರೆಕಾರ್ಡೇ ಇರಲಿಲ್ಲ. ಚಳವಳಿಯಲ್ಲಿ ಜನ ಕೈತಟ್ಟಿಕೊಂಡು ಹಾಡುತ್ತಿದ್ದ ಸಾಲು ಇತ್ತು. ಗಿಟಾರು ಎಲ್ಲಿ ಬರಬೇಕು, ಎಲ್ಲಿ ಎಲ್ಲರೂ ಬಾಯಿ ಮುಚ್ಚಬೇಕು, ಇದೆಲ್ಲ ಇವರು ಕಂಡುಕೊಂಡಿದ್ದು. ರಾಹುಲ್ ನರ್ಮದಾ ಹಾಡನ್ನು ಕ್ಯಾಸೆಟ್ಟಿನಿಂದ ಎತ್ತಿಕೊಂಡಿದ್ದಲ್ಲ, ಆ ಜನರ ಜೊತೆ ಇದ್ದು ಕಲಿತಿದ್ದು. ನನಗೆ ಅದು ದೊಡ್ಡ ವ್ಯತ್ಯಾಸ.

ಖಾರಬೂಂದಿ:

ಜೊತೆ ಇದ್ದರು, ಸರಿ. ಅಶ್ವಥ್ ವಾದ ಒಪ್ಪುತ್ತೇನೆ. ಆದರೆ ನನ್ನ ಪ್ರಶ್ನೆಯ ಇನ್ನೊಂದು ತುದಿ ಹಾಗೇ ಉಳಿದಿದೆ. ಶರೀಫರಿಗೆ ಹೆಸರಿದೆ, ಅಂಕಿತ ಇದೆ. ನರ್ಮದಾ ದಂಡೆಯಲ್ಲಿ ಆ ಹಾಡು ಕಟ್ಟಿದವರಿಗೆ ಹೆಸರಿಲ್ಲ. ಆಲ್ಬಮ್ಮಿನ ಹಿಂದೆ 'ಜನಪದ' ಅಂತ ಒಂದು ಪದ ಹಾಕಿದರೆ ಸಾಕಾ? ಇದು ಈ ಬ್ಯಾಂಡಿಗೆ ಮಾತ್ರ ಕೇಳುವ ಪ್ರಶ್ನೆ ಅಲ್ಲ, ನಮ್ಮ ಸಿನಿಮಾದವರಿಗೆ ಹತ್ತು ಪಟ್ಟು ಜಾಸ್ತಿ ಕೇಳಬೇಕು. ಹೊಗಳುವಾಗಲೂ ಕೇಳಬೇಕು ಅಂತ ನನ್ನ ಅಭಿಪ್ರಾಯ.

ಜೋಗುಳಬಾವಿ:

ಕೇಳಲೇಬೇಕು ರೀ. ಎಲ್ಲಮ್ಮನ ಪದಗಳನ್ನು ರೀಮಿಕ್ಸ್ ಮಾಡಿ ದುಡ್ಡು ಮಾಡಿದವರನ್ನು ನಾವು ನೋಡಿದ್ದೇವೆ. ಹಾಡು ಕೊಟ್ಟ ಜೋಗತಿಗೆ ಸೀರೆ, ಬಸ್ ಚಾರ್ಜು.

ದೆಹಲಿ ಕನ್ನಡತಿ:

ತಡವಾಗಿ ನೋಡಿದೆ. ಮದುವೆಯಾಗಿ ದೆಹಲಿಗೆ ಬಂದಾಗ ಹಿಂದಿ ಸರಿಯಾಗಿ ಬರುತ್ತಿರಲಿಲ್ಲ. ಈ ಬ್ಯಾಂಡನ್ನು ನಾನು ಮೊದಲು ಕೇಳಿದ್ದು ಒಂದು ಕಾಲೇಜಿನ ಬಯಲಿನಲ್ಲಿ, ಚಳಿಗಾಲದ ರಾತ್ರಿ. ಧೂಳು, ಮಂಜು, ಜನವೋ ಜನ. ಅಶೀಮ್ ಆಗ ಇದ್ದರು. ರಾಹುಲ್ ಬಿಳಿ ಕೂದಲು ಹರಡಿಕೊಂಡು ಹಾಡಿಗೂ ಹಾಡಿಗೂ ನಡುವೆ ಜೋಕ್ ಹೊಡೆಯುತ್ತಿದ್ದರು. 'ಕಂದೀಸಾ' ಶುರುವಾದಾಗ ನನ್ನ ಪಕ್ಕದ ಪಂಜಾಬಿ ಹುಡುಗರು, ಆ ಕಡೆ ಇದ್ದ ಮಲಯಾಳಿ ನರ್ಸುಗಳು, ನಾನು, ಯಾರಿಗೂ ಆ ಭಾಷೆ ಬರುವುದಿಲ್ಲ, ಎಲ್ಲರೂ ಗಂಟಲು ಹರಿಯುವ ಹಾಗೆ ಹಾಡುತ್ತಿದ್ದೆವು. ನರ್ಸುಗಳಿಗೆ ಮಾತ್ರ ಪ್ರಾರ್ಥನೆ ಗೊತ್ತಿತ್ತು, ಅವರು ಕಣ್ಣು ಮುಚ್ಚಿಕೊಂಡಿದ್ದರು.

ಇಲ್ಲಿ ಯಾರೂ ಹೇಳದ ಒಂದು ವಿಷಯ. ಇವರು ಎಷ್ಟೋ ವರ್ಷ ಅಭ್ಯಾಸ ಮಾಡಿದ್ದು ಕರೋಲ್ ಬಾಗಿನ ಒಂದು ಹಳೆಯ ಬಂಗಲೆಯಲ್ಲಿ. ವಿಳಾಸ 16/330 ಖಜೂರ್ ರೋಡ್. 2010ರ ಆಲ್ಬಮ್ಮಿಗೆ ಆ ವಿಳಾಸವನ್ನೇ ಹೆಸರಿಟ್ಟರು. ಅದನ್ನು ಅಂಗಡಿಗೆ ಕಳಿಸುವ ಬದಲು ತಿಂಗಳಿಗೊಂದು ಹಾಡಿನ ಹಾಗೆ ತಮ್ಮ ವೆಬ್‌ಸೈಟಿನಲ್ಲಿ ಉಚಿತವಾಗಿ ಬಿಟ್ಟರು. ಏಳು ಹಾಡು, ಏಳು ತಿಂಗಳು. ಆಗ ಇನ್ನೂ ಎಲ್ಲರ ಕೈಯಲ್ಲೂ ಸ್ಮಾರ್ಟ್‌ಫೋನ್ ಇರಲಿಲ್ಲ. ನಮ್ಮವರು ಆಫೀಸಿನಲ್ಲಿ ಡೌನ್‌ಲೋಡ್ ಮಾಡಿ ಪೆನ್‌ಡ್ರೈವಿನಲ್ಲಿ ತರುತ್ತಿದ್ದರು.

ಆ ಹಾಡುಗಳಲ್ಲಿ ಕೇಳುವ ಅಶೀಮ್ ದನಿ ಮುಂಚೆಯೇ ರೆಕಾರ್ಡ್ ಆಗಿದ್ದದ್ದು. ಅವರು 2009ರ ಡಿಸೆಂಬರ್ 25ರಂದು ತೀರಿಕೊಂಡಿದ್ದರು. ಪ್ರತಿ ತಿಂಗಳು ಹೊಸ ಹಾಡು ಬರುತ್ತದೆ, ಹಾಡುವವರು ಇಲ್ಲ. ಆ ಏಳು ತಿಂಗಳು ವಿಚಿತ್ರವಾಗಿತ್ತು.

ಇವರ ಕಥೆ ನೋಡಬೇಕು ಅನ್ನುವವರಿಗೆ ಜೈದೀಪ್ ವರ್ಮಾ ಮಾಡಿದ 'ಲೀವಿಂಗ್ ಹೋಮ್' ಸಾಕ್ಷ್ಯಚಿತ್ರ ಇದೆ. ಅದಕ್ಕೆ ರಾಷ್ಟ್ರಪ್ರಶಸ್ತಿ ಬಂದಿದೆ. ಖಜೂರ್ ರೋಡಿನ ಆ ಮನೆಯೂ ಅದರಲ್ಲಿದೆ.

ಕವರ್ ಬೇಡ:

ಮೇಡಂ, ಅಶೀಮ್ ಹೋದ ಮೇಲೆ ಬ್ಯಾಂಡು ಅದೇನಾ? 2013ರಲ್ಲಿ ಸುಷ್ಮಿತ್ ಕೂಡ ಬಿಟ್ಟರು. ನಾನು ಅಲ್ಲಿಗೇ ನಿಲ್ಲಿಸಿದೆ.

ದೆಹಲಿ ಕನ್ನಡತಿ:

ನಿಲ್ಲಿಸಬೇಡಿ. ಅಶೀಮ್ ಜಾಗಕ್ಕೆ ಒಬ್ಬರನ್ನು ತಂದು ಕೂರಿಸಲಿಲ್ಲ ಅನ್ನುವುದೇ ನನಗೆ ಹಿಡಿಸಿದ್ದು. ಹಾಡಿಗೆ ಹಿಮಾಂಶು ಜೋಶಿ, ತಬಲಾಕ್ಕೆ ತುಹೀನ್ ಚಕ್ರವರ್ತಿ, ಹೀಗೆ ಇಬ್ಬರು ಬಂದರು. ಗಿಟಾರಿಗೆ ಆಮೇಲೆ ನಿಖಿಲ್ ರಾವ್. ಹಿಮಾಂಶು ದನಿ ಬೇರೆ, ಜಾಸ್ತಿ ಏರುತ್ತದೆ. 2015ರ 'ಮಸಾನ್' ಸಿನಿಮಾದ ಹಾಡುಗಳು ಇವರದ್ದೇ, ಹೆಚ್ಚಿನವು ವರುಣ್ ಗ್ರೋವರ್ ಬರೆದದ್ದು. ಅದನ್ನು ಕೇಳಿ ಆಮೇಲೆ ಹೇಳಿ.

ನಾಲ್ಕು ತಂತಿ:

'ಮಸಾನ್' ಒಪ್ಪಿದೆ. 2014ರ 'ತಂದಾನು' ಮಾತ್ರ ನನಗೆ ಅಷ್ಟಕ್ಕಷ್ಟೇ. ಶಂಕರ್ ಮಹಾದೇವನ್, ಶುಭಾ ಮುದ್ಗಲ್, ವಿಶ್ವಮೋಹನ್ ಭಟ್ ಅಂತ ಅತಿಥಿಗಳ ದಂಡೇ ಇದೆ. ಎಲ್ಲರೂ ಘಟಾನುಘಟಿಗಳು. ಮನೆಯವರ ಮಾತು ಕೇಳಿಸೋದು ಕಡಿಮೆ.

ಹೊಸ ಗಿಟಾರಿನ ಬಗ್ಗೆ: ನಿಖಿಲ್ ಎಲೆಕ್ಟ್ರಿಕ್ ದನಿಯವರು, ಅಲ್ಲಲ್ಲಿ ಬ್ಲೂಸ್ ವಾಸನೆ ಬರುತ್ತದೆ. ಸುಷ್ಮಿತ್ ಅವರನ್ನು ನಕಲು ಮಾಡುವುದಿಲ್ಲ. ಬೇರೆಯವರ ಹಾಡು ನುಡಿಸಬೇಡಿ ಅಂತ ಕೂಗುವ ನಾವು ಬೇರೆಯವರ ಗಿಟಾರ್ ನುಡಿಸು ಅಂತ ಅವರನ್ನು ಹೇಗೆ ಕೇಳೋದು?

ಸಂಪಿಗೆ ರಸ್ತೆ:

ಕೇಳಿದೆ ಸರ್. ಪೂರ್ತಿ ಆಲ್ಬಮ್, ಹೆಡ್‌ಫೋನ್ ಹಾಕಿಕೊಂಡು. ಮೊದಲು ಸ್ವಲ್ಪ ಉದ್ದ ಅನ್ನಿಸಿತು, ರೀಲ್ಸ್ ನೋಡಿ ನೋಡಿ ತಾಳ್ಮೆ ಹೋಗಿದೆ. 'ಮಾ ರೇವಾ' ಎರಡು ಸಲ ಹಾಕಿದೆ, ಎರಡನೇ ಸಲ ಸ್ಪೀಕರಿನಲ್ಲಿ. ಅಪ್ಪ ಪಕ್ಕದ ರೂಮಿನಿಂದ ಬಂದು ಇದ್ಯಾವ ಭಜನೆ ಅಂತ ಕೇಳಿದರು. ರಾಕ್ ಅಂದೆ. ನಂಬಲಿಲ್ಲ. ಕೂತು ಪೂರ್ತಿ ಕೇಳಿದರು.

ಇದೇ ಥರ ಕನ್ನಡದಲ್ಲಿ ಯಾರಿದ್ದಾರೆ?

ಜೋಗುಳಬಾವಿ:

ಸ್ವರಾತ್ಮ ಕೇಳಿ, ಬೆಂಗಳೂರಿನವರು. ವಾಸು ದೀಕ್ಷಿತ್ ಹಾಡುತ್ತಾರೆ. 2009ರಲ್ಲಿ ಮೊದಲ ಆಲ್ಬಮ್, 2012ರಲ್ಲಿ ಎರಡನೆಯದು. ಕನ್ನಡ, ಹಿಂದಿ ಎರಡೂ ಇದೆ. ಪಿಟೀಲು ಇಟ್ಟುಕೊಂಡ ರಾಕ್. ವೇದಿಕೆ ಮೇಲೆ ನಮ್ಮ ಜಾತ್ರೆಯ ಕೀಲುಕುದುರೆ ಕಟ್ಟಿಕೊಂಡು ಕುಣಿದದ್ದೂ ಉಂಟು. ಹಾಡು ಬರೆಯುವುದು ಅವರೇ, ಇವತ್ತಿನ ವಿಷಯದ ಮೇಲೆ. ಕಾವೇರಿ ನೀರಿನ ಜಗಳದ ಬಗ್ಗೆ ನದಿಯೇ ಮಾತಾಡುವ ಹಾಗೆ ಒಂದು ಹಾಡಿದೆ.

ಖಾರಬೂಂದಿ:

ಸ್ವರಾತ್ಮಕ್ಕೆ ನನ್ನದೂ ಒಂದು ಓಟು. ಅವರ ಮೇಲೆ ಬೇರೆ ಥ್ರೆಡ್ ಶುರು ಮಾಡಿ, ಅಲ್ಲಿ ಬಂದು ಜಗಳ ಆಡುತ್ತೇನೆ.

ಹೇಮಾವತಿ ದಂಡೆ:

ಮಾಡ್ತೀನಿ ಮಾರಾಯ್ರೇ, ಭಾನುವಾರ. @ಸಂಪಿಗೆ ರಸ್ತೆ, ಅಪ್ಪಂಗೆ ಮುಂದೆ 'ಝೀನಿ' ಹಾಕಿ. ಅವರಿಗೆ ಕುಮಾರ ಗಂಧರ್ವರ ಕಬೀರ ಗೊತ್ತಿದ್ದರೆ ಮೊದಲು ಸ್ವಲ್ಪ ಬೈಯಬಹುದು, ಬೈಯಲಿ ಬಿಡಿ. ಆಮೇಲೆ 'ಡೆಸರ್ಟ್ ರೈನ್', ಅದು ಲೈವ್, ಸ್ಟುಡಿಯೋ ನುಣುಪು ಇರುವುದಿಲ್ಲ. 2023ರ 'ತೂ ಹೈ' ಕೊನೆಗಿರಲಿ.

ಸಂಪಿಗೆ ರಸ್ತೆ:

ಅಪ್ಪ ಬಾವುಲರ ಆ ವಾದ್ಯದ ಹೆಸರು ಇನ್ನೊಂದು ಸಲ ಕೇಳುತ್ತಿದ್ದಾರೆ. ನಮ್ಮಜ್ಜಿ ಊರಿನ ಜಾತ್ರೆಯಲ್ಲಿ ಚೌಡಿಕೆ ಹತ್ತಿರದಿಂದ ನೋಡಿದ್ದಾರಂತೆ.

ಜೋಗುಳಬಾವಿ:

ಗಬ್‌ಗುಬಿ. ಖಮಕ್ ಅಂತಲೂ ಅಂತಾರೆ. ಯಾವ ಊರಿನ ಜಾತ್ರೆ ಅಂತ ಕೇಳಿ ಹೇಳಿ, ಅಲ್ಲಿ ನುಡಿಸುವವರು ಈಗಲೂ ಇದ್ದಾರಾ ಅಂತ ತಿಳಿಯಬೇಕು.